ಬೀಗಿತ್ತಿಯ ಪಕ್ಕದ ಸೀಟು

ನಿಮಗೆ ಬಹಳ ಇಷ್ಟವಾದ ಸಿನಿಮಾ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಸುಳ್ಳು ಹೇಳುತ್ತೇನೆ. ಯೋಚನೆ ಮಾಡಿ ಹೇಳುವ ಸುಳ್ಳಲ್ಲ. ನೆಂಟರ ಮನೆಯಲ್ಲಿ ಕಾಫಿಗೆ ಸಕ್ಕರೆ ಸಾಕಾ ಎಂದು ಕೇಳಿದಾಗ ತಲೆ ತಾನಾಗಿಯೇ ಆಡಿಬಿಡುತ್ತದಲ್ಲ, ಆ ಜಾತಿಯದು. ಕೇಳಿದವರು ಕನ್ನಡ ಮೇಷ್ಟರಾಗಿದ್ದರೆ ಯಾವುದೋ ಹಿಮದ ದೇಶದ, ಹೆಸರು ಹೇಳಬೇಕಾದರೆ ನಾಲಿಗೆಯನ್ನು ಒಗೆದ ಸೀರೆಯಂತೆ ಮಡಿಸಬೇಕಾದ ಚಿತ್ರವೊಂದನ್ನು ಹೇಳುತ್ತೇನೆ. ಆಟೋದವರಾಗಿದ್ದರೆ, ಅವರ ಹಿಂದಿನ ಗಾಜಿನ ಮೇಲೆ ಯಾವ ನಾಯಕನ ಮುಖ ಅಂಟಿಸಿದೆಯೋ ಅವನದೇ ಒಂದು. ನಮ್ಮ ಬೀದಿಯ ಹಲ್ಲಿನ ಡಾಕ್ಟರು ಒಮ್ಮೆ ಕೇಳಿದರು. ಬಾಯಿ ತುಂಬ ಹತ್ತಿ ತುರುಕಿದ್ದರು, ಬಚಾವಾದೆ.

ವಾರಕ್ಕೊಮ್ಮೆ ಪತ್ರಿಕೆಗೆ ಸಿನಿಮಾ ವಿಮರ್ಶೆ ಬರೆಯುವುದು ನನ್ನ ಕೆಲಸ. ಹಾಗಾಗಿ ಜನ ನನ್ನಿಂದ ಒಂದು ಖಚಿತವಾದ ರುಚಿಯನ್ನು ನಿರೀಕ್ಷಿಸುತ್ತಾರೆ. ನನಗಾದರೋ ರುಚಿ ಎನ್ನುವುದು ಬಸವೇಶ್ವರನಗರದ ಮನೆಗಳ ಹಾಗೆ, ಕೆಳಗೆ ಒಂದು ಪೋರ್ಷನ್, ಮೇಲೆ ಒಂದು, ತಾರಸಿಯ ಮೇಲೆ ಶೀಟು ಹಾಕಿ ಇನ್ನೊಂದು. ಒಂದೊಂದರಲ್ಲಿ ಒಂದೊಂದು ಸಂಸಾರ, ಒಬ್ಬರ ಒಗ್ಗರಣೆ ಇನ್ನೊಬ್ಬರಿಗೆ ಕೆಮ್ಮು.

ಹೊಡೆದಾಟದ ಸಿನಿಮಾವನ್ನೇ ತೆಗೆದುಕೊಳ್ಳಿ. ನಾಯಕನ ಪ್ರವೇಶ ನನಗೆ ಪ್ರಾಣ. ಮೊದಲು ಬೂಟು, ಆಮೇಲೆ ಧೂಳು, ಆಮೇಲೆ ಬೆನ್ನು, ಆಮೇಲೆ ಇನ್ನೂ ಸ್ವಲ್ಪ ಧೂಳು, ಕೊನೆಗೆ ಮುಖ. ಮಹಾಮಂಗಳಾರತಿಗೆ ಪರದೆ ಸರಿಸುವುದಕ್ಕೂ ಇದಕ್ಕೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣುವುದಿಲ್ಲ. ನನ್ನ ತಕರಾರು ಇರುವುದು ಖಳನ ಕಡೆಯ ಆಳುಗಳ ಬಗ್ಗೆ. ಅಷ್ಟು ಜನ ಒಟ್ಟಿಗೆ ಬಂದೂ, ರೇಷನ್ ಅಂಗಡಿಯ ಮುಂದೆ ನಿಂತವರಂತೆ ಒಬ್ಬೊಬ್ಬರಾಗಿ ಸರದಿಯಲ್ಲಿ ಬಂದು ಒದೆ ತಿನ್ನುತ್ತಾರಲ್ಲ, ಇಷ್ಟು ಶಿಸ್ತಿನವರು ರೌಡಿಗಳಾದದ್ದು ಹೇಗೆ? ಪ್ರೇಮಕಥೆಗಳಲ್ಲಿ ನನಗೆ ಸಿಟ್ಟು ಬರುವ ಜಾಗ ಒಂದಿದೆ: ಹುಡುಗ ಬೀದಿ ಬೀದಿ ಹಿಂದೆ ಬಿದ್ದು ಕಾಡುತ್ತಾನೆ, ಹುಡುಗಿ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕಾದ ಹೊತ್ತಿಗೆ ಸರಿಯಾಗಿ ಹಾಡಿಗೆ ಹೋಗುತ್ತಾಳೆ. ಹಳೆಯ ಪೌರಾಣಿಕ ಚಿತ್ರಗಳಲ್ಲಿ ಹತ್ತಿಯ ಮೋಡ, ರಟ್ಟಿನ ಸಿಂಹಾಸನ, ನಡೆದರೆ ಅಲುಗುವ ಅರಮನೆಯ ಕಂಬ, ಇವನ್ನೆಲ್ಲ ಕಂಡರೆ ನನಗೆ ಭಕ್ತಿ ಹೆಚ್ಚುತ್ತದೆ. ಈಗಿನ ಕಂಪ್ಯೂಟರ್ ಸ್ವರ್ಗದಲ್ಲಿ ದೇವರು ಹೊಸ ಅಪಾರ್ಟ್‌ಮೆಂಟಿಗೆ ಬಾಡಿಗೆಗೆ ಬಂದವನಂತೆ ಸಂಕೋಚದಿಂದ ನಿಂತಿರುತ್ತಾನೆ. ದೆವ್ವದ ಸಿನಿಮಾಕ್ಕೆ ಹೋದರೆ ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತೇನೆ, ಮನೆಗೆ ಬಂದು ಛಾಯಾಗ್ರಹಣ ಸೊಗಸಾಗಿದೆ ಎಂದು ಬರೆಯುತ್ತೇನೆ. ದೆವ್ವ ಇದೆ ಎಂದು ತಿಳಿದ ಮೇಲೂ ಆ ಸಂಸಾರದವರು ಮನೆ ಯಾಕೆ ಬಿಡುವುದಿಲ್ಲ ಎಂದು ಬೇರೆ ವಿಮರ್ಶಕರು ಆಕ್ಷೇಪಿಸುವುದುಂಟು. ಅವರು ನಮ್ಮ ಕಡೆ ಬಾಡಿಗೆ ಮನೆ ಹುಡುಕಿದವರಲ್ಲ. ಕಾವೇರಿ ನೀರು ಸರಿಯಾಗಿ ಬರುತ್ತದೆ ಎಂದರೆ ಜನ ದೆವ್ವದ ಜೊತೆ ಹೊಂದಿಕೊಳ್ಳುತ್ತಾರೆ.

ನಮ್ಮ ಯಜಮಾನರು ಸಿನಿಮಾ ನೋಡುವುದಿಲ್ಲ. ನನ್ನ ವಿಮರ್ಶೆ ಓದಿ, ನೋಡಿದಷ್ಟೇ ಆಯಿತು ಬಿಡು, ಅನ್ನುತ್ತಾರೆ. ಅದನ್ನು ಹೊಗಳಿಕೆ ಎಂದು ಇಷ್ಟು ವರ್ಷವೂ ತಿಳಿದುಕೊಂಡಿದ್ದೇನೆ. ಮಗಳು ಶ್ರುತಿ ನೋಡುತ್ತಾಳೆ, ಆದರೆ ಮೊಬೈಲಿನಲ್ಲಿ, ಒಂದೂವರೆ ಪಟ್ಟು ವೇಗದಲ್ಲಿ. ನಾಯಕಿ ಸಾಯುವ ದೃಶ್ಯವನ್ನೂ ಅವಳು ಆ ವೇಗದಲ್ಲೇ ನೋಡುವುದನ್ನು ಕಂಡು ನಾನು ಒಂದು ದಿನ ಗೊಣಗಿದಾಗ, ಹೇಗೂ ಸಾಯ್ತಾಳಲ್ಲಮ್ಮ ಅಂದಳು. ಅವಳು ಮೂಳೆ, ಕೀಲುಗಳ ವ್ಯಾಯಾಮ ಮಾಡಿಸುವ ಫಿಸಿಯೋಥೆರಪಿಸ್ಟು. ಅವಳಿಗೆ ನಿಧಾನ ಎನ್ನುವುದು ಗುಣಪಡಿಸಬೇಕಾದ ಕಾಯಿಲೆ.

ಈ ಶ್ರುತಿ ಒಂದು ಭಾನುವಾರ ಬೆಳಗ್ಗೆ, ನಾನು ದೋಸೆ ಮಗುಚುತ್ತಿರುವಾಗ, ತಾನು ನವೀನ ಎಂಬ ಹುಡುಗನನ್ನು ಮದುವೆಯಾಗಬೇಕೆಂದಿದ್ದೇನೆ ಎಂದು ಹೇಳಿದಳು. ಸುದ್ದಿಯನ್ನೂ ಒಂದೂವರೆ ಪಟ್ಟು ವೇಗದಲ್ಲೇ ಹೇಳಿದ್ದರಿಂದ ನಾನು ಇನ್ನೊಂದು ಸಲ ಕೇಳಬೇಕಾಯಿತು. ಹುಡುಗ ಮೂಡಲಪಾಳ್ಯದವನು. ತಂದೆಗೆ ಹಾರ್ಡ್‌ವೇರ್ ಅಂಗಡಿ. ಹುಡುಗನೂ ಅದನ್ನೇ ನೋಡಿಕೊಳ್ಳುತ್ತಾನೆ. ಭುಜ ಹಿಡಿದುಕೊಂಡು ಅವಳ ಕ್ಲಿನಿಕ್ಕಿಗೆ ಬಂದವನು, ಭುಜ ವಾಸಿಯಾದ ಮೇಲೂ ಬರುತ್ತಲೇ ಇದ್ದನಂತೆ. ನಾವು ಹುಡುಗನನ್ನು ನೋಡಿದೆವು, ಮೆಚ್ಚಿದೆವು. ನಮ್ಮ ಯಜಮಾನರು ಅವನ ಹತ್ತಿರ ಬಚ್ಚಲುಮನೆಯ ಸೋರುವ ನಲ್ಲಿಯ ವಿಷಯ ಮಾತಾಡಿ, ಅವನು ಅದನ್ನು ಆಗಲೇ ಸರಿಮಾಡಿಕೊಟ್ಟದ್ದರಿಂದ, ಅವರ ಕಡೆಯಿಂದ ನಿಶ್ಚಿತಾರ್ಥವೇ ಆಗಿಹೋಯಿತು.

ಅಡ್ಡ ಬಂದದ್ದು ನನ್ನ ಕಸುಬು.

ಹುಡುಗನ ತಾಯಿ ಗೌರಮ್ಮ. ಮೂಡಲಪಾಳ್ಯ ಇನ್ನೂ ಹಳ್ಳಿಯಾಗಿದ್ದಾಗ ಅಲ್ಲಿಗೆ ಸೊಸೆಯಾಗಿ ಬಂದವರು. ರಾಗಿ ಹೊಲವಿದ್ದ ಕಡೆ ಈಗ ಅವರದೇ ಬಾಡಿಗೆ ಮನೆಗಳ ಸಾಲು. ನಮ್ಮ ಜಾತಿ, ಜಾತಕ, ಮನೆತನ ಯಾವುದರ ಬಗ್ಗೆಯೂ ಅವರು ಚಕಾರ ಎತ್ತಲಿಲ್ಲವಂತೆ. ಹುಡುಗಿಯ ತಾಯಿ ಏನು ಮಾಡುತ್ತಾರೆ ಎಂದು ಕೇಳಿದ್ದಾರೆ. ಮಗ ಹೇಳಿದ್ದಾನೆ. ಅಂದರೆ ಬೇರೆಯವರು ಕಷ್ಟಪಟ್ಟು ಮಾಡಿದ್ದರಲ್ಲಿ ತಪ್ಪು ಹುಡುಕಿ ಸಂಬಳ ತಗೊಳ್ಳೋದಾ ಎಂದು ಕೇಳಿದ್ದಾರೆ. ಅಂಥವರ ಮಗಳು ನಾಳೆ ನಮ್ಮ ಮನೆಯ ಸಾರಿಗೆ, ಹಬ್ಬಕ್ಕೆ, ನಮ್ಮ ಮಾತಿಗೆ, ನಡೆಗೆ ಮನಸ್ಸಲ್ಲೇ ಮಾರ್ಕು ಹಾಕಿಕೊಂಡು ಕೂತರೆ ಏನು ಗತಿ ಎಂದು ಅವರ ಭಯ. ಬೇಡ ಎಂದು ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಅಮ್ಮನ ಮನಸ್ಸು ಒಪ್ಪದೆ ಮದುವೆ ಬೇಡ ಎಂದು ನವೀನ, ಶ್ರುತಿ ಇಬ್ಬರೂ ತೀರ್ಮಾನಿಸಿಬಿಟ್ಟಿದ್ದರು. ಶ್ರುತಿ ದಿನಗಟ್ಟಲೆ ಸಪ್ಪಗಿದ್ದಳು. ನಾನೂ ಒಳಗೊಳಗೇ ಕುಗ್ಗಿದೆ. ನನ್ನ ಬರಹದಿಂದ ನಿರ್ಮಾಪಕರ ನಿದ್ದೆ ಕೆಟ್ಟಿದ್ದು ಗೊತ್ತಿತ್ತು; ಮಗಳದೂ ಕೆಡಬಹುದು ಎಂದು ಎಣಿಸಿರಲಿಲ್ಲ.

ಕೊನೆಗೆ ಗೌರಮ್ಮನವರೇ ಒಂದು ದಾರಿ ಸೂಚಿಸಿದರು. ಆ ಅಮ್ಮನ ಜೊತೆ ಕೂತು ನಾನೊಂದು ಸಿನಿಮಾ ನೋಡಬೇಕು, ಆಮೇಲೆ ಹೇಳುತ್ತೇನೆ, ಎಂದು ಮಗನ ಕೈಲಿ ಹೇಳಿಕಳಿಸಿದರು. ಹುಡುಗಿ ನೋಡುವ ಶಾಸ್ತ್ರ ಕೇಳಿದ್ದೇನೆ, ಹುಡುಗಿಯ ತಾಯಿಯನ್ನು ಮಾರ್ನಿಂಗ್ ಶೋನಲ್ಲಿ ನೋಡುವ ಶಾಸ್ತ್ರ ನಾನು ಕೇಳಿದ್ದು ಅದೇ ಮೊದಲು. ಹೊರಡುವ ಮುನ್ನ ಶ್ರುತಿ ನನ್ನ ಕೈ ಹಿಡಿದುಕೊಂಡು, ಸಿನಿಮಾ ಹೇಗಿದ್ದರೂ ಸರಿ, ಚೆನ್ನಾಗಿದೆ ಅಂತ ಒಂದೇ ಒಂದು ಮಾತು ಹೇಳಿಬಿಡು ಎಂದು ಬೇಡಿಕೊಂಡಳು. ಸುಳ್ಳಿನಲ್ಲಿ ನನ್ನ ಅನುಭವ ನಿಮಗೆ ಆಗಲೇ ಗೊತ್ತಲ್ಲ. ಧೈರ್ಯ ಹೇಳಿ ಇಳಿದೆ.

ಕೆಳಗೆ ಗೌರಮ್ಮ ಸ್ಕೂಟರಿನ ಮೇಲೆ ಕೂತಿದ್ದರು. ಗುಂಡಗಿನ ಮುಖ, ಮುಡಿದ ಮಲ್ಲಿಗೆ ನಲುಗದ ಹಾಗೆ ಸ್ವಲ್ಪ ಹಿಂದಕ್ಕೆ ಹಾಕಿಕೊಂಡ ಹೆಲ್ಮೆಟ್ಟು, ಮೊಳಕಾಲಿನ ಮುಂದೆ ಒಂದು ಚೀಲ. ಇನ್ನೊಂದು ಹೆಲ್ಮೆಟ್ಟು ನನ್ನ ಕೈಗೆ ಕೊಟ್ಟು, ಗಟ್ಟಿಯಾಗಿ ಹಿಡ್ಕೊಳ್ಳಿ ಮೇಡಂ, ಅಂದರು. ನಾನು ಹಿಡಿದುಕೊಂಡೆ. ಮಾಗಡಿ ರೋಡಿನ ಮೆಟ್ರೋ ಕಂಬಗಳ ಪಕ್ಕ ಅವರು ಬಸ್ಸುಗಳನ್ನು ಎಡಕ್ಕೂ ಬಲಕ್ಕೂ ಬಿಡುತ್ತಾ ಹೋದ ರೀತಿಯಲ್ಲಿ, ನಾನು ನೋಡಿದ ಯಾವ ಚೇಸಿಂಗ್ ದೃಶ್ಯದಲ್ಲೂ ಇಲ್ಲದ ಒಂದು ಆತ್ಮವಿಶ್ವಾಸವಿತ್ತು. ದಾರಿಯುದ್ದಕ್ಕೂ ಅವರು ಓಡಿಸುವುದರಲ್ಲಿ ಮಗ್ನರಾಗಿದ್ದರು, ನಾನು ದೇವರ ನಾಮದಲ್ಲಿ.

ಅದೊಂದು ಹಳೆಯ ಥಿಯೇಟರು, ಅಕ್ಕಪಕ್ಕದ ಥಿಯೇಟರುಗಳೆಲ್ಲ ಬಟ್ಟೆ ಅಂಗಡಿ, ಛತ್ರಗಳಾದ ಮೇಲೂ ಹಟಹಿಡಿದು ಉಳಿದುಕೊಂಡಿರುವಂಥದು. ಸಿನಿಮಾ ಅತ್ತೆ ಸೊಸೆಯರದ್ದು. ಸೊಸೆ ಸಾಧ್ವಿ, ಅತ್ತೆ ಘಟವಾಣಿ, ಮಗ ಎರಡೂ ಅಲ್ಲ. ಸೊಸೆಗೆ ಜ್ವರ ಬರುತ್ತದೆ, ಕಾಲು ಜಾರುತ್ತದೆ, ಒಲೆ ಆರುತ್ತದೆ, ಕೈಯಿಂದ ಕುಂಕುಮದ ಬಟ್ಟಲು ಬೀಳುತ್ತದೆ. ಪ್ರತಿಯೊಂದು ಬಿದ್ದಾಗಲೂ ಹಿನ್ನೆಲೆಯಲ್ಲಿ ಒಂದು ಪಿಟೀಲು ಎದ್ದು ನಿಲ್ಲುತ್ತದೆ. ಇಂಥ ಚಿತ್ರಗಳನ್ನು ಕತ್ತಲಲ್ಲಿ, ಮುಖದ ಒಂದು ಗೆರೆಯೂ ಅಲುಗದಂತೆ ನೋಡುವ ತರಬೇತಿ ನನಗೆ ಆಗಿದೆ. ಪಕ್ಕದಲ್ಲಿ ಗೌರಮ್ಮ ಹಾಗಲ್ಲ. ಅವರು ಅಳುತ್ತಿದ್ದರು. ನಡುನಡುವೆ ಪರದೆಯ ಮೇಲಿನ ಸೊಸೆಗೆ ಬುದ್ಧಿ ಹೇಳುತ್ತಿದ್ದರು. ಆ ಹಾಲನ್ನು ಕುಡಿಯಬೇಡ ಎಂದೂ ಹೇಳಿದರು, ಆದರೆ ಅವಳು ಕುಡಿದಳು.

ಇಂಟರ್‌ವಲ್ಲಿನಲ್ಲಿ ದೀಪ ಹತ್ತಿತು. ಗೌರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಚೀಲದಿಂದ ನಿಪ್ಪಟ್ಟಿನ ಡಬ್ಬಿ ತೆಗೆದು ನನ್ನ ಮುಂದೆ ಹಿಡಿದರು. ಆಮೇಲೆ ಹೇಗಿದೆ ಎಂದು ಕೇಳಿದರು. ಕೇಳಿದ್ದು ನಿಪ್ಪಟ್ಟಿನ ವಿಷಯವಲ್ಲ ಎಂದು ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು. ಮಗಳ ಮುಖ ನೆನಪಾಯಿತು. ಚೆನ್ನಾಗಿದೆ, ತುಂಬಾ ಚೆನ್ನಾಗಿದೆ, ಅಂದೆ.

ಗೌರಮ್ಮನವರ ಮುಖ ಇಳಿಯಿತು. ಡಬ್ಬಿಯ ಮುಚ್ಚಳ ಹಾಕಿದರು. ಪರದೆಯ ಮೇಲಿನ ಗುಟ್ಕಾ ಎಚ್ಚರಿಕೆಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದರು:

"ಇದು ಚೆನ್ನಾಗಿದೆ ಅಂತ ನೀವು ಅಂದ್ರೆ, ನಾಳೆ ನನ್ನ ಮಗನ್ನೂ ಚೆನ್ನಾಗಿದಾನೆ ಅಂತೀರಾ. ನಾನು ಯಾವುದನ್ನ ನಂಬಲಿ ಮೇಡಂ? ತಪ್ಪು ಹುಡುಕೋರು ಅಂತ ಭಯ ಇತ್ತು. ಹುಡುಕಿ ಬಚ್ಚಿಟ್ಕೊಳ್ಳೋರು ಅಂದ್ರೆ ಇನ್ನೂ ಭಯ."

ನೀವು ಅಳುತ್ತಿದ್ದಿರಲ್ಲ, ಹಾಗಾಗಿ ನಿಮಗೆ ಇಷ್ಟವಾಗಿದೆ ಅಂದುಕೊಂಡೆ ಎಂದು ತೊದಲಿದೆ.

"ಅಳು ಬಂತು. ಈರುಳ್ಳಿ ಹೆಚ್ಚಿದ್ರೂ ಬರುತ್ತೆ. ಅದಕ್ಕೆ ಈರುಳ್ಳೀನ ಒಳ್ಳೆ ಕಥೆ ಅಂತೀವಾ?"

ಮೂವತ್ತು ವರ್ಷದ ಹತ್ತಿರ ಬರೆಯುತ್ತಾ ಬಂದಿದ್ದೇನೆ. ಕರುಣರಸದ ಚಿತ್ರಗಳ ಬಗ್ಗೆ ಇದಕ್ಕಿಂತ ಅಡಕವಾದ ವಾಕ್ಯ ನನ್ನ ಕೈಯಿಂದ ಬಂದದ್ದಿಲ್ಲ. ನನಗೆ ನಗು ತಡೆಯಲಾಗಲಿಲ್ಲ. ನಕ್ಕ ಮೇಲೆ ನಿಜ ಹೇಳುವುದು ಸುಲಭವಾಯಿತು. ಈ ಸಿನಿಮಾ ಅಸಹ್ಯವಾಗಿದೆ ಎಂದೆ. ಸೊಸೆ ಕೆರೆಗೆ ಬಿದ್ದು ಎದ್ದು ಬಂದರೂ ಸೀರೆಯ ನೆರಿಗೆ ಹಾಗೇ ಇತ್ತು ಎಂದೆ. ಅತ್ತೆ ಅಷ್ಟು ಕೆಟ್ಟವಳಾಗುವುದಕ್ಕೆ ಒಂದು ಕಾರಣವನ್ನಾದರೂ ಕೊಡಬೇಡವೇ, ಅವಳಿಗೂ ಮಂಡಿ ನೋವಿರಬಹುದು, ಅವಳಿಗೂ ಒಬ್ಬ ಅತ್ತೆ ಇದ್ದಿರಬಹುದು ಎಂದೆ. ಗೌರಮ್ಮನವರ ಕಣ್ಣು ಅರಳಿತು. ಡಬ್ಬಿಯ ಮುಚ್ಚಳ ಮತ್ತೆ ತೆರೆಯಿತು. ಅದೇ ಅನ್ನುವುದು ನಾನೂ, ಎಂದು ಅವರು ಶುರುಮಾಡಿದರು.

ಇಂಟರ್‌ವಲ್ ಆದ ಮೇಲಿನ ಭಾಗ ನನ್ನ ವೃತ್ತಿಜೀವನದ ಅತ್ಯಂತ ಸುಖದ ಹೊತ್ತುಗಳಲ್ಲೊಂದು. ಸೊಸೆ ಸಾಯಲು ಹೊರಟಾಗ ಗೌರಮ್ಮ, ಇವಳು ಸಾಯಲ್ಲ, ಬಳೆ ಎಲ್ಲಾ ಹಾಕ್ಕೊಂಡು ಹೊರಟಿದಾಳೆ ನೋಡಿ, ಎಂದು ಪಿಸುಗುಟ್ಟಿದರು. ನಾನು, ಈಗ ಒಂದು ಹಸು ಬಂದು ಸೆರಗು ಹಿಡಿಯುತ್ತದೆ ಎಂದೆ. ಹಸು ಬರಲಿಲ್ಲ, ಆದರೆ ನಾಯಿ ಬಂತು. ಗೌರಮ್ಮ ನನ್ನ ತೊಡೆಯ ಮೇಲೆ ಹೊಡೆದು ನಕ್ಕರು. ಮುಂದಿನ ಸಾಲಿನ ಹುಡುಗಿಯೊಬ್ಬಳು ಹಿಂದಕ್ಕೆ ತಿರುಗಿ, ಆಂಟಿ, ಸ್ವಲ್ಪ ಸುಮ್ನಿರ್ತೀರಾ ಎಂದು ಗದರಿಸಿದಳು. ಥಿಯೇಟರಿನಲ್ಲಿ ಮಾತಾಡುವವರ ವಿರುದ್ಧ ಎಷ್ಟೋ ಅಂಕಣಗಳನ್ನು ಬರೆದ ನಾನು, ತಲೆ ತಗ್ಗಿಸಿ, ಬಾಯಿಗೆ ಸೆರಗು ತುರುಕಿಕೊಂಡು ಕೂತೆ.

ಆ ಹೊತ್ತಿನಲ್ಲಿ ನನಗೆ ಸಹೃದಯ ಎಂಬ ಮಾತು ನೆನಪಾಯಿತು. ನಮ್ಮ ಹಳೆಯ ಅಲಂಕಾರಶಾಸ್ತ್ರದವರು ಪ್ರೇಕ್ಷಕನಿಗೆ ಇಟ್ಟ ಹೆಸರದು. ರಸ ಹುಟ್ಟಿದ್ದಕ್ಕೆ ಗುರುತಾಗಿ ಅವರು ಕಣ್ಣೀರು, ನಡುಕ, ರೋಮಾಂಚನ, ಗದ್ಗದ ಎಂದೆಲ್ಲ ಪಟ್ಟಿ ಕೊಡುತ್ತಾರೆ. ಕೈಕಟ್ಟಿ, ಹುಬ್ಬು ಗಂಟಿಕ್ಕಿ, ಪೆನ್ನು ಕಚ್ಚಿಕೊಂಡು ಕೂರುವುದನ್ನು ಯಾರೂ ಹೇಳಿಲ್ಲ. ಅದು ನಾವು ವಿಮರ್ಶಕರು ಆಮೇಲೆ ಸೇರಿಸಿಕೊಂಡ ರಸ. ಹಾಗೆಂದು ಅಳುವವರೆಲ್ಲ ಮೋಸಹೋಗುತ್ತಾರೆ ಎಂದು ನಾನು ತಿಳಿದಿದ್ದೆನಲ್ಲ, ಅದೂ ತಪ್ಪು. ಗೌರಮ್ಮ ಒಂದು ಕಣ್ಣಿನಲ್ಲಿ ಅಳುತ್ತಾ ಇನ್ನೊಂದು ಕಣ್ಣಿನಲ್ಲಿ ನೆರಿಗೆ ಎಣಿಸುತ್ತಿದ್ದರು.

ಮನೆಗೆ ಬಿಟ್ಟು ಹೋಗುವಾಗ ಗೌರಮ್ಮ ಸಿನಿಮಾ ಬಗ್ಗೆ ಇನ್ನೂ ಬೈಯುತ್ತಲೇ ಇದ್ದರು. ಮದುವೆಯ ಬಗ್ಗೆ ಮಾತ್ರ ತುಟಿ ಬಿಚ್ಚಲಿಲ್ಲ. ಶ್ರುತಿ ಗೇಟಿನ ಹತ್ತಿರವೇ ಕಾಯುತ್ತಿದ್ದಳು. ನಡೆದದ್ದನ್ನು ಹೇಳಿದೆ. ಅವಳಿಗೆ ಅಳುವೇ ಬಂತು. ಚೆನ್ನಾಗಿದೆ ಎಂದು ಹೇಳುವುದಕ್ಕೆ ನಿನಗೇನಾಗಿತ್ತು ಎಂದಳು. ಹೇಳಿದೆನಲ್ಲ ಮಾರಾಯ್ತಿ, ಅದರಿಂದಲೇ ಕೆಟ್ಟಿದ್ದು ಎಂದರೆ ಅವಳಿಗೆ ಅರ್ಥವಾಗಲಿಲ್ಲ. ಅವಳ ಎದುರು ನಿಂತ ನನಗೂ, ಥಿಯೇಟರಿನ ಆ ನಗುವೆಲ್ಲ ಕೈಯಲ್ಲಿ ಹಿಡಿದ ನೀರಿನಂತೆ ಸೋರಿಹೋಯಿತು. ನಕ್ಕದ್ದು ನಾವಿಬ್ಬರು, ಕಾಯುತ್ತಿದ್ದದ್ದು ಇವಳು.

ಆಮೇಲೆ ಸುದ್ದಿಯೇ ಇಲ್ಲ. ಸುಮ್ಮನೆ ಕೂರುವುದು ನನ್ನಿಂದ ಆಗಲಿಲ್ಲ. ಅವರು ಕೇಳಿದ್ದು ನಿಜವನ್ನು. ಹಾಗಿದ್ದರೆ ನನ್ನ ನಿಜವನ್ನೇ ತೋರಿಸೋಣ ಎಂದು ನಿರ್ಧರಿಸಿದೆ. ವಿಜಯನಗರದ ಒಂದು ಚಿಕ್ಕ ಸಭಾಂಗಣದಲ್ಲಿ ಫಿಲಂ ಸೊಸೈಟಿಯವರು ಒಂದು ಸಿನಿಮಾ ತೋರಿಸುವವರಿದ್ದರು. ಯಾರು ಕೇಳಿದರೂ ನಾನು ಹೆಸರು ಹೇಳದೆ ಒಳಗೇ ಇಟ್ಟುಕೊಂಡಿರುವ, ನನಗೆ ನಿಜವಾಗಿ ಇಷ್ಟವಾದ ಸಿನಿಮಾ ಅದು. ಯಾವುದೋ ಬೆಟ್ಟದ ದೇಶದ್ದು. ಒಬ್ಬ ಮುದುಕ ತನ್ನ ಮಗಳ ಹೊಸ ಮನೆಗೆಂದು ಒಂದು ಮರದ ಬಾಗಿಲು ಮಾಡಿ, ಅದನ್ನು ಬೆನ್ನಿಗೆ ಕಟ್ಟಿಕೊಂಡು ಬೆಟ್ಟ ಹತ್ತುತ್ತಾನೆ. ಅಷ್ಟೇ ಕಥೆ. ಮಾತು ಕಡಿಮೆ, ಸಂಗೀತ ಇಲ್ಲ, ಗಾಳಿ ಮಾತ್ರ. ಶ್ರುತಿ ತಲೆ ಚಚ್ಚಿಕೊಂಡಳು. ಮಕ್ಕಳ ಸಿನಿಮಾಕ್ಕೋ, ಹಾಸ್ಯದ್ದಕ್ಕೋ ಕರೆದುಕೊಂಡು ಹೋಗಮ್ಮ, ಇದಕ್ಕೆ ಹೋದರೆ ಇರುವ ಸಂಬಂಧವೂ ಮುರಿದುಹೋಗುತ್ತೆ ಎಂದಳು. ನಾನು ಫೋನ್ ಮಾಡಿಯೇಬಿಟ್ಟೆ. ಗೌರಮ್ಮ ಒಂದೇ ಮಾತಿಗೆ ಒಪ್ಪಿದರು.

ಅವತ್ತೂ ಅವರ ಚೀಲದಲ್ಲಿ ಡಬ್ಬಿಯಿತ್ತು. ಮುದುಕ ಬಾಗಿಲು ಹೊತ್ತು ಮೊದಲ ತಿರುವಿಗೆ ಬರುವ ಹೊತ್ತಿಗೆ ಅವರು ಒಂದು ನಿಪ್ಪಟ್ಟು ಮುರಿದರು. ಆ ಮೌನದಲ್ಲಿ ಆ ಸದ್ದು ಬಂಡೆ ಸಿಡಿದಂತೆ ಕೇಳಿಸಿತು. ಗಡ್ಡದ ಸದಸ್ಯರೊಬ್ಬರು, ಅದೂ ಚಿತ್ರದ್ದೇ ಶಬ್ದವೆಂದು ತಿಳಿದು, ಗಂಭೀರವಾಗಿ ತಲೆ ಆಡಿಸಿದರು. ಸ್ವಲ್ಪ ಹೊತ್ತಿನಲ್ಲಿ ಗೌರಮ್ಮ ನಿದ್ದೆ ಹೋದರು. ಅವರ ತಲೆ ನನ್ನ ಭುಜದ ಮೇಲೆ ಒರಗಿತು. ಮಲ್ಲಿಗೆಯ ವಾಸನೆ, ಬೆಟ್ಟದ ಗಾಳಿ. ನಾನು ಅಲುಗದೆ ಕೂತೆ. ಎಚ್ಚರವಾದಾಗ ಅವರು ಪರದೆ ನೋಡಿ, ಇನ್ನೂ ಹತ್ತಿಲ್ವಾ, ಎಂದು ನಿಜವಾದ ಕಾಳಜಿಯಿಂದ ಕೇಳಿದರು.

ಹೊರಗೆ ಬಂದು ದರ್ಶಿನಿಯೊಂದರಲ್ಲಿ ಕಾಫಿ ಹಿಡಿದು ನಿಂತೆವು. ಅವರು ತಮ್ಮ ಅಭಿಪ್ರಾಯವನ್ನು ಮುಚ್ಚಿಡಲಿಲ್ಲ. ಒಳ್ಳೆ ನಿದ್ದೆ ಕೊಡುವ ಸಿನಿಮಾವನ್ನು ಕೆಟ್ಟದ್ದು ಎನ್ನಬಾರದು, ಆದರೆ ಅಷ್ಟುದ್ದ ದಾರಿಯಲ್ಲಿ ಆ ಮುದುಕನಿಗೆ ಒಂದು ಕೈ ಕೊಡುವುದಕ್ಕೆ ಆ ಊರಲ್ಲಿ ಒಬ್ಬ ಮನುಷ್ಯನೂ ಇರಲಿಲ್ಲವೇ ಎಂದರು. ಅವನು ಒಂಟಿ, ಅದೇ ಕಥೆ ಎಂದೆ. ಒಂಟಿಯಾದರೆ ಒಂದು ಲಗೇಜ್ ಆಟೋ ಮಾಡಬೇಕಿತ್ತು ಎಂದರು. ತಾನೇ ಹೊರಬೇಕು ಎಂಬುದು ಅವನ ಆಸೆ ಎಂದೆ. ಅದು ಆಸೆಯಲ್ಲ, ಹಟ, ಗಂಡಸರಿಗೆ ವಯಸ್ಸಾದ ಮೇಲೆ ಬರುವಂಥದು ಎಂದರು. ನಾನು ಬಿಟ್ಟುಕೊಡಲಿಲ್ಲ. ಅವರೂ ಬಿಡಲಿಲ್ಲ. ಕಾಫಿ ಆರಿ, ಇನ್ನೊಂದು ಕಾಫಿ ತರಿಸಿ, ಅದೂ ಆರಿತು. ಪಕ್ಕದಲ್ಲಿ ಇಡ್ಲಿ ತಿನ್ನುತ್ತಿದ್ದವರು ಇದು ಯಾವುದೋ ಆಸ್ತಿಯ ವ್ಯಾಜ್ಯವೆಂದೇ ತಿಳಿದಿರಬೇಕು. ಕೊನೆಗೆ ನನ್ನನ್ನು ಮನೆಯ ಹತ್ತಿರ ಇಳಿಸಿ, ಹೆಲ್ಮೆಟ್ಟು ಇಸಿದುಕೊಂಡು, ನಿಮ್ಮ ಸಿನಿಮಾ ನಂಗೆ ಹಿಡಿಸಲಿಲ್ಲ ಮೇಡಂ, ಎಂದು ಹೇಳಿ ಹೊರಟುಹೋದರು. ಅವತ್ತು ನಾನು ಶ್ರುತಿಗೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಕೇಳದಿದ್ದದ್ದೇ ಹೆಚ್ಚು ಕಷ್ಟವಾಯಿತು.

ಕೆಲವು ದಿನ ಕಳೆದ ಮೇಲೆ ಒಂದು ಬೆಳಗ್ಗೆ, ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿರುವಾಗ ಗೌರಮ್ಮನವರ ಫೋನು ಬಂತು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ.

"ಆ ಬಾಗ್ಲು ಹೊತ್ಕೊಂಡ ಅಜ್ಜ ಕನಸಲ್ಲಿ ಬಂದಿದ್ದ," ಅಂದರು. "ನಮ್ಮ ಮನೆ ಮೆಟ್ಲು ಹತ್ತೋಕಾಗ್ದೆ ನಿಂತಿದ್ದ. ನಾನೇ ಹೋಗಿ ಒಂದು ಕಡೆ ಹಿಡ್ಕೊಂಡೆ. ಭಾರ ಕಣ್ರೀ. ಎದ್ದ ಮೇಲೂ ಕೈ ನೋಯ್ತಾ ಇತ್ತು."

ಅವರೇ ಮುಂದುವರಿಸಿದರು. ಸಿನಿಮಾ ಈಗಲೂ ಚೆನ್ನಾಗಿಲ್ಲವೆಂದೇ ತಮ್ಮ ಅಭಿಪ್ರಾಯ ಎಂದು ಮೊದಲು ಸ್ಪಷ್ಟಪಡಿಸಿದರು. ಆದರೆ ಅದು ನಿಮಗೆ ಯಾಕೆ ಅಷ್ಟು ಇಷ್ಟ ಅಂತ ಕನಸು ಬಿದ್ದ ಮೇಲೆ ಗೊತ್ತಾಯಿತು, ಹೆಣ್ಣು ಹೆತ್ತವರಿಗಲ್ಲದೆ ಅದು ಇನ್ಯಾರಿಗೆ ಇಷ್ಟವಾಗಬೇಕು, ಎಂದರು. ಆಮೇಲೆ, ಶುಕ್ರವಾರ ದಿನ ಚೆನ್ನಾಗಿದೆ, ಮಗಳನ್ನೂ ಯಜಮಾನರನ್ನೂ ಕರ್ಕೊಂಡು ಬನ್ನಿ, ಎಲೆ ಅಡಿಕೆ ಇಟ್ಟು ಮಾತಾಡೋಣ ಅಂದರು. ಫೋನಿಟ್ಟ ಮೇಲೆ ನೋಡಿದರೆ ನಾನು ಕೊತ್ತಂಬರಿಯ ಎಲೆಗಳನ್ನೆಲ್ಲ ಕಸದ ಬುಟ್ಟಿಗೆ ಹಾಕಿ, ಕಡ್ಡಿಗಳನ್ನು ಚೊಕ್ಕಟವಾಗಿ ತಟ್ಟೆಯಲ್ಲಿ ಜೋಡಿಸಿದ್ದೆ. ಶ್ರುತಿ ಕ್ಲಿನಿಕ್ಕಿನಿಂದ ಬಂದು ಸುದ್ದಿ ಕೇಳಿ, ಮೊದಲ ಸಲ ನನ್ನ ಬಾಯಿಂದ ಅದೇ ಮಾತನ್ನು ನಿಧಾನವಾಗಿ ಮತ್ತೆ ಮತ್ತೆ ಹೇಳಿಸಿಕೊಂಡಳು.

ಶುಕ್ರವಾರ ಮೂಡಲಪಾಳ್ಯದಲ್ಲಿ ತಾಂಬೂಲ ಬದಲಾಯಿತು. ಅವತ್ತಿನ ಬೇಳೆ ಸಾರಿನಲ್ಲಿ ಉಪ್ಪು ಸ್ವಲ್ಪ ಮುಂದಿತ್ತು. ಗೌರಮ್ಮ ಎಲ್ಲರ ಎದುರೇ, ಹೇಗಿದೆ ಬೀಗಿತ್ತಿ, ಎಂದು ಕೇಳಿದರು. ಮಗಳು ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಉಪ್ಪು ಮುಂದಾಗಿದೆ ಎಂದೆ. ಬೆಳಗಿನಿಂದ ಅನ್ನೋಣ ಅನ್ನೋಣ ಅಂತ ಇದ್ದೆ, ಎಂದು ಅವರ ಯಜಮಾನರು ಅವತ್ತಿನ ತಮ್ಮ ಏಕೈಕ ಮಾತನ್ನು ಆಡಿದರು. ಗೌರಮ್ಮ ತೃಪ್ತಿಯಿಂದ ನಕ್ಕು ನನಗೆ ಇನ್ನೊಂದು ಸೌಟು ಮಜ್ಜಿಗೆ ಬಡಿಸಿದರು.

ಅಲ್ಲಿಂದೀಚೆಗೆ ನಾನು ಒಬ್ಬಳೇ ಸಿನಿಮಾಕ್ಕೆ ಹೋದದ್ದು ಕಡಿಮೆ. ಸ್ಕೂಟರಿನ ಹಾರ್ನ್ ಕೇಳಿದರೆ ಇಳಿದು ಹೋಗುತ್ತೇನೆ. ನಾವು ನೋಡದ ಬಗೆಯಿಲ್ಲ. ಕುದುರೆಗಳ ಮೇಲೆ ಜನ ಕಿರಿಚುವ ರಾಜರ ಕಥೆ ನೋಡಿ, ಅಷ್ಟು ದೊಡ್ಡ ಕೋಟೆಯಲ್ಲಿ ಒಂದು ಅಡುಗೆಮನೆಯನ್ನೂ ತೋರಿಸಲಿಲ್ಲವೆಂದು ಗೌರಮ್ಮ ಬೇಸರಪಟ್ಟರು. ಒಂದು ಕೊಲೆಯ ಚಿತ್ರದಲ್ಲಿ ಕೊಲೆಗಾರ ಯಾರೆಂದು ನಾನು ಇಂಟರ್‌ವಲ್ಲಿಗೆ ಮುಂಚೆಯೇ ತರ್ಕದಿಂದ ಸಾಧಿಸಿ ತೋರಿಸಿದೆ. ಅವನೇ ಮುಂದಿನ ದೃಶ್ಯದಲ್ಲಿ ಕೊಲೆಯಾದ. ಊರಿಗೆ ಬೆಂಕಿ ಬಿದ್ದಾಗ ನಾಯಕ ತಾಯಿಯ ಫೋಟೋ ತರಲು ಮನೆಯೊಳಗೆ ನುಗ್ಗುವ ಹೊಡೆದಾಟದ ಚಿತ್ರವೊಂದರಲ್ಲಿ, ಅವನ ಬೂಟು ಕಾಣಿಸಿದ ಕ್ಷಣ, ಗೌರಮ್ಮ ಎರಡು ಬೆರಳು ಬಾಯಿಗಿಟ್ಟು ಹಾಕಿದ ಸಿಳ್ಳೆಗೆ ಬಾಲ್ಕನಿಯ ಹುಡುಗರು ಎದ್ದು ನಿಂತು ಕೈಮುಗಿದರು. ಹೊಲದಲ್ಲಿ ಗಿಳಿ ಓಡಿಸುವಾಗ ಕಲಿತದ್ದಂತೆ. ನನಗೂ ಹೇಳಿಕೊಟ್ಟಿದ್ದಾರೆ. ಎಷ್ಟು ಅಭ್ಯಾಸ ಮಾಡಿದರೂ ನನ್ನಿಂದ ಬರುವುದು ಕುಕ್ಕರಿನ ವಾಷರ್ ಹೋದಾಗಿನ ಸದ್ದು. ಬಸವೇಶ್ವರನಗರದ ನಮ್ಮ ತಾರಸಿಯ ಮೇಲೆ ನಾನು ಒಣಬಟ್ಟೆ ತೆಗೆಯುತ್ತಾ ಹೀಗೆ ಊದುತ್ತಿರುವುದನ್ನು ಕಂಡು ಪಕ್ಕದ ಮನೆಯವರು ಅದನ್ನು ಯಾವುದೋ ಪ್ರಾಣಾಯಾಮವೆಂದು ತಿಳಿದು ತಾವೂ ಶುರುಮಾಡಿದ್ದಾರೆ.

ಜಗಳವೂ ಆಗುತ್ತದೆ. ನಾನು ಮೆಚ್ಚಿದ್ದನ್ನು ಅವರು ಒಪ್ಪುವುದು ಅಪರೂಪ. ಅವರಿಗೆ ಪಂಚಪ್ರಾಣವಾದ ಒಂದು ನಗೆಯ ಚಿತ್ರವನ್ನು ನಾನು ಪತ್ರಿಕೆಯಲ್ಲಿ ಹೆಸರು ಹಿಡಿದು ಬೈದಾಗ, ಆ ವಾರ ಹಾರ್ನ್ ಕೇಳಿಸಲಿಲ್ಲ. ಮುಂದಿನ ವಾರ ಕೇಳಿಸಿತು. ಏನೂ ನಡೆದೇ ಇಲ್ಲವೆಂಬಂತೆ ಹೆಲ್ಮೆಟ್ಟು ಕೊಟ್ಟು, ಬೈದಿದ್ದು ಸರಿ, ಆದ್ರೆ ಆ ಬಾಳೆಹಣ್ಣಿನ ಸೀನು ಬೈಬಾರ್ದಿತ್ತು, ಅಂದರು. ಯೋಚಿಸಿದೆ. ಬಾಳೆಹಣ್ಣಿನ ಸೀನು ನಿಜಕ್ಕೂ ಚೆನ್ನಾಗಿತ್ತು.

ಮದುವೆ ವಿಜಯನಗರದ ಒಂದು ಛತ್ರದಲ್ಲಾಯಿತು. ಧಾರೆ ಮುಗಿದು, ಜನ ಅಕ್ಷತೆ ಹಾಕಿ, ಊಟದ ಕರೆಗೆ ಕಿವಿ ನಿಮಿರಿಸಿ ಕೂತಿರುವ ಹೊತ್ತಿನಲ್ಲಿ, ವೇದಿಕೆಯ ಎರಡೂ ಪಕ್ಕದ ದೊಡ್ಡ ಪರದೆಗಳ ಮೇಲೆ ಸಿನಿಮಾ ಶುರುವಾಯಿತು. ನವೀನನ ಸ್ನೇಹಿತರು ತೆಗೆದದ್ದು. ಕೆಂಗೇರಿಯ ಆಚೆ ಮದುವೆಗೆ ಮುಂಚಿನ ಫೋಟೋಗಳಿಗೆಂದೇ ಮಾಡಿಟ್ಟಿರುವ ತೋಟವೊಂದಿದೆ. ಅಲ್ಲಿ ಗೋಡೆಯಿಲ್ಲದ ಕಿಟಕಿ ಇದೆ, ನೀರಿಲ್ಲದ ದೋಣಿ ಇದೆ, ರೆಕ್ಕೆಯಿಲ್ಲದ ವಿಮಾನ ಇದೆ. ನನ್ನ ಮಗಳು ಕಿಟಕಿಯಲ್ಲಿ ನಿಂತು ದೂರ ನೋಡಿದಳು. ಅಳಿಯ ದೋಣಿಯಲ್ಲಿ ಕೂತು ಹುಲ್ಲಿಗೆ ಹುಟ್ಟು ಹಾಕಿದ. ಬಿಸಿಲಿನಲ್ಲಿ ಇಬ್ಬರೂ ಒಂದು ಕೊಡೆ ಹಿಡಿದು ಇಲ್ಲದ ಮಳೆಯಲ್ಲಿ ನೆನೆದರು. ಎಲ್ಲವೂ ಮೆಲ್ಲಗೆ, ಮೆಲ್ಲಗೆ. ಕ್ಯಾಮೆರಾ ಕಾರಣವಿಲ್ಲದೆ ಆಕಾಶಕ್ಕೆ ಹಾರಿ, ಅಲ್ಲಿ ಏನೂ ಸಿಗದ ಕಾರಣ ಇಳಿದು ಬಂತು. ಇವುಗಳಲ್ಲಿ ಒಂದೊಂದನ್ನೂ ನಾನು ಬೇರೆ ಬೇರೆ ಚಿತ್ರಗಳಲ್ಲಿ ಕಂಡು ಗೋಳಾಡಿಕೊಂಡು ಬರೆದವಳು. ನಡುವೆ ಒಂದು ಕಡೆ, ಕತ್ತರಿಸುವುದು ಮರೆತುಹೋದ ಚೂರೊಂದರಲ್ಲಿ, ಶ್ರುತಿ ಮುಳ್ಳು ಚುಚ್ಚಿದ ಕಾಲನ್ನು ಎತ್ತಿ ಹಿಡಿದು, ಒಂಟಿ ಕಾಲಲ್ಲಿ ಕುಪ್ಪಳಿಸುತ್ತಾ, ಬಾಯಿ ತೆರೆದು ನಕ್ಕಳು. ನವೀನ ಗಾಬರಿಯಾಗಿ ಮಂಡಿಯೂರಿ ಮುಳ್ಳು ಹುಡುಕಿದ. ಆಮೇಲೆ ಮತ್ತೆ ಕೊಡೆ.

ಪಕ್ಕದ ಕುರ್ಚಿಯಲ್ಲಿ ಹೊಸ ರೇಷ್ಮೆ ಸೀರೆಯ ಗೌರಮ್ಮ ನನ್ನ ಕಡೆ ವಾಲಿದರು. ನಿಜ ಹೇಳಬೇಕು, ಹೆಂಗಿದೆ, ಎಂದು ಕೇಳಿದರು.

"ಕಥೆನೇ ಇಲ್ಲ," ಅಂದೆ. ನನ್ನ ದನಿ ನೆಟ್ಟಗಿರಲಿಲ್ಲ.

"ಇಲ್ದೇ ಇರ್ಲಿ ಬಿಡಿ," ಅಂದರು. ಅವರದೂ ಇರಲಿಲ್ಲ.

ಸಂಘರ್ಷವಿಲ್ಲದಿದ್ದರೆ ಕಥೆಯಿಲ್ಲ, ಅಡ್ಡಿ ಬರಬೇಕು, ಬಿರುಕು ಬಿಡಬೇಕು, ಪಾತ್ರಗಳು ಬೆಂದು ಮೇಲೆ ಬರಬೇಕು ಎಂದು ಎಷ್ಟೊಂದು ನಿರ್ದೇಶಕರಿಗೆ ಬುದ್ಧಿ ಹೇಳಿದ್ದೇನೆ. ಈಗಲೂ ಅದು ಸರಿಯಾದ ಮಾತೇ, ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅವತ್ತು, ಇಂಥದ್ದನ್ನೆಲ್ಲ ಬರೆಯುವವನು ಮೇಲೆ ಯಾರಾದರೂ ಇದ್ದರೆ, ಅವನಿಗೆ ಮನಸ್ಸಿನಲ್ಲೇ ಹೇಳಿಕೊಂಡೆ: ಈ ಒಂದು ಚಿತ್ರದಲ್ಲಿ ತಿರುವು ಬೇಡಪ್ಪ, ಖಳ ಬೇಡ, ಯಾರೂ ಎತ್ತರಕ್ಕೆ ಏರಬೇಕಾಗಿಲ್ಲ. ಕಾಲಿಗೆ ಮುಳ್ಳು ಚುಚ್ಚಿದ್ದೇ ದೊಡ್ಡ ಘಟನೆಯಾಗಿ, ಸಪ್ಪಗೆ, ನಿಧಾನವಾಗಿ, ಎಳೆದಷ್ಟೂ ಉದ್ದಕ್ಕೆ ಸಾಗಲಿ.

ಅಷ್ಟರಲ್ಲಿ ಊಟಕ್ಕೆ ಕರೆದರು. ಪ್ರೇಕ್ಷಕರು ಒಬ್ಬರೂ ಉಳಿಯದಂತೆ ಎದ್ದು ಹೋದರು. ಗೌರಮ್ಮನವರೂ ನಾನೂ ಮಾತ್ರ, ಮುಂದಿನ ಪಂಕ್ತಿಗೆ ಕೂತರಾಯಿತು ಎಂದು, ಏನೂ ಆಗದ ಆ ಸಿನಿಮಾವನ್ನು ಪೂರ್ತಿ ನೋಡಿದೆವು.